20 ವರ್ಷ ಕೂತೇ ಇದ್ದ ಮೈಗೆ ವ್ಯಾಯಾಮ: ಶುರು ಎಲ್ಲಿಂದ?

ಪ್ರಶ್ನೆ: ನನಗೆ 46 ವರ್ಷ. 20 ವರ್ಷದಿಂದ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ತೂಕ 88 ಕೆಜಿ. ಈಚೆಗೆ ಪರೀಕ್ಷೆ ಮಾಡಿಸಿದಾಗ ಬಿಪಿ 138/88 ಇತ್ತು, ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂತು. ವೈದ್ಯರು ‘ಊಟ ಸರಿ ಮಾಡ್ಕೊಳ್ಳಿ, ವ್ಯಾಯಾಮ ಮಾಡಿ’ ಅಂದರು. ಹೇಗೆ ಅಂತ ಹೇಳಲಿಲ್ಲ. ಹೋದ ವರ್ಷ ಜಿಮ್ ಸೇರಿ, ಅದೇ ವಾರ ರಾತ್ರಿ ಊಟವನ್ನೂ ಬಿಟ್ಟಿದ್ದೆ. ಮೂರನೇ ವಾರಕ್ಕೆ ಮೊಣಕಾಲು ನೋವು ಬಂತು, ಎರಡೂ ನಿಂತುಹೋಯಿತು. ಈಗ ಎರಡು ಮಹಡಿ ಹತ್ತಿದರೆ ಏದುಸಿರು. ನನಗೆ ವಯಸ್ಸು ಮೀರಿತಾ? ಮೊದಲು ಊಟ ಬದಲಿಸಲಾ, ವ್ಯಾಯಾಮ ಶುರು ಮಾಡಲಾ? ಎಷ್ಟು ದಿನಕ್ಕೆ ಫಲ ಕಾಣುತ್ತೆ?

ಉತ್ತರ: ವಯಸ್ಸು ಮೀರಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಅಳೆದು ನೋಡಿರುವ ಸಂಗತಿ ಇದು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ದಣಿಯುವಷ್ಟು ದುಡಿದಾಗ ಮೈ ಎಷ್ಟು ಆಮ್ಲಜನಕ ಬಳಸಬಲ್ಲದು ಅಂತ ಅಳೆದರೆ ಹೃದಯ, ಶ್ವಾಸಕೋಶ, ಸ್ನಾಯು ಮೂರರ ತಾಕತ್ತೂ ಗೊತ್ತಾಗುತ್ತದೆ. ಮೂರೇ ವಾರದಲ್ಲಿ ಆ ತಾಕತ್ತು ಕಾಲು ಭಾಗಕ್ಕಿಂತ ಜಾಸ್ತಿ ಇಳಿದಿತ್ತು. 30 ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಕರೆದು ಅಳೆದರು. ಎಲ್ಲರಿಗೂ 50 ಆಗಿತ್ತು, ತೂಕ ಏರಿತ್ತು. ಆದರೂ ಆ 30 ವರ್ಷಗಳಲ್ಲಿ ವಯಸ್ಸಿನಿಂದ ಆದ ನಷ್ಟ, ಅಂದು ಮೂರು ವಾರ ಮಲಗಿದ್ದಕ್ಕೆ ಆದ ನಷ್ಟಕ್ಕಿಂತ ಕಡಿಮೆ. ಆಮೇಲೆ ಅವರಿಗೆ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ ಮಾಡಿಸಿದರು. ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದರು. ಕೊನೆಗೆ ಅವರ ಸರಾಸರಿ ತಾಕತ್ತು ಮತ್ತೆ 20ರ ವಯಸ್ಸಿನ ಮಟ್ಟಕ್ಕೆ ಬಂತು.

ಐದೇ ಜನರ ಅಧ್ಯಯನ, ನಿಜ. ಆದರೆ ಸ್ನಾಯುಗಳ ಬಗ್ಗೆಯೂ ಇದೇ ಮಾತು ಹೇಳುವ ಇನ್ನೊಂದು ಪ್ರಯೋಗ ಇದೆ. 1990ರಲ್ಲಿ ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದವರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. 90ರಲ್ಲಿ ಆಗುವುದು 46ರಲ್ಲಿ ಆಗದೇ ಇರುತ್ತಾ?

ಹಾಗಾದರೆ ಹೋದ ವರ್ಷ ನಿಮಗೆ ಏನಾಯಿತು? ಮನಸ್ಸು ಗಟ್ಟಿ ಇರಲಿಲ್ಲ ಅಂತ ನೀವು ಅಂದುಕೊಂಡಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಮೂರನೇ ವಾರದ ಮೊಣಕಾಲು ನೋವು ನಾನು ಪದೇ ಪದೇ ಕೇಳುವ ದೂರು, ಮತ್ತು ಅದಕ್ಕೆ ಸ್ಪಷ್ಟ ಕಾರಣ ಇದೆ. ಈ ಕಾರಣ ಅರ್ಥವಾದರೆ ಮುಂದಿನ ಅರ್ಧ ಕೆಲಸ ಸಲೀಸು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವ್ಯಾಯಾಮ ಶುರು ಮಾಡಿದಾಗ ಮೈಯ ಎಲ್ಲ ಭಾಗವೂ ಒಂದೇ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲ. ಮೊದಲು ಬದಲಾಗುವುದು ರಕ್ತ. ಒಂದೆರಡು ವಾರದಲ್ಲೇ ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಅದಕ್ಕೇ ಎರಡನೇ ವಾರ ಉಸಿರು ಹಗುರ ಅನ್ನಿಸುವುದು. ಆಮೇಲೆ ಬಲ. ಮೊದಲ ಕೆಲವು ವಾರ ಬಲ ಹೆಚ್ಚುವುದು ಸ್ನಾಯು ದಪ್ಪ ಆಗಿ ಅಲ್ಲ. ಇರುವ ಸ್ನಾಯುವನ್ನೇ ಇನ್ನೂ ಚೆನ್ನಾಗಿ ದುಡಿಸಲು ನರಗಳು ಕಲಿಯುತ್ತವೆ, ಅಷ್ಟೇ. ಇವೆರಡೂ ಬೇಗ ಆಗುವ ಕೆಲಸ. ಆದರೆ ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು, ಕೀಲಿನ ಒಳಗಿನ ಮೃದ್ವಸ್ಥಿ, ಎಲುಬು, ಇವು ನಿಧಾನ. ಸ್ನಾಯುರಜ್ಜಿಗೆ ರಕ್ತ ಹರಿಯುವುದೇ ಕಡಿಮೆ, ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಇವು ಗಟ್ಟಿಯಾಗಲು ತಿಂಗಳುಗಳೇ ಬೇಕು.

ಈಗ ಮೂರನೇ ವಾರ ನೋಡಿ. ಉಸಿರು ಸುಧಾರಿಸಿದೆ, ಕಾಲಿಗೆ ಬಲ ಬಂದಂತೆ ಅನ್ನಿಸುತ್ತಿದೆ, ಹುಮ್ಮಸ್ಸಿದೆ. ಸಹಜವಾಗಿ ವೇಗ ಹೆಚ್ಚಿಸುತ್ತೀರಿ, ಭಾರ ಹೆಚ್ಚಿಸುತ್ತೀರಿ. ಮಂಡಿಚಿಪ್ಪಿನ ಸುತ್ತಲಿನ ಭಾಗ ಮಾತ್ರ ಇನ್ನೂ ಮೊದಲ ದಿನದ ಸ್ಥಿತಿಯಲ್ಲೇ ಇದೆ. ನೋವು ಅಲ್ಲೇ ಶುರುವಾಗುವುದು. ಸಾಲದ್ದಕ್ಕೆ ರಾತ್ರಿ ಊಟವನ್ನೂ ಬಿಟ್ಟಿರಿ. ದುರಸ್ತಿಗೆ ಬೇಕಾದ ಸಾಮಗ್ರಿಯೂ ಮೈಗೆ ಸಿಗಲಿಲ್ಲ.

ಹಾಗಾಗಿ ಈ ಸಲ ಒಂದೇ ನಿಯಮ ಇಟ್ಟುಕೊಳ್ಳಿ. ವೇಗ ನಿರ್ಧರಿಸುವ ಹಕ್ಕು ನಿಮ್ಮ ಮೈಯ ಅತಿ ನಿಧಾನದ ಭಾಗಕ್ಕೆ ಇರಲಿ, ಉಸಿರಿಗೂ ಬೇಡ, ಹುಮ್ಮಸ್ಸಿಗೂ ಬೇಡ. ಮೊದಲ ಎರಡು ತಿಂಗಳು ‘ಇನ್ನೂ ಮಾಡಬಹುದಿತ್ತು’ ಅನ್ನುವಾಗಲೇ ನಿಲ್ಲಿಸಬೇಕು. ಕೇಳಲು ಸುಲಭ, ಮಾಡಲು ಕಷ್ಟ. ಉತ್ಸಾಹ ಇರುವವರಿಗೆ ಇನ್ನೂ ಕಷ್ಟ.

ಶುರು ಮಾಡುವ ಮೊದಲು ಒಂದು ಪರಿಶೀಲನೆ. ಹೃದಯ, ಮೂತ್ರಪಿಂಡ ಅಥವಾ ಸಕ್ಕರೆ ಕಾಯಿಲೆ ಇಲ್ಲದ, ಯಾವ ಲಕ್ಷಣವೂ ಇಲ್ಲದವರು ಸಾಧಾರಣ ನಡಿಗೆ ಶುರು ಮಾಡಲು ವೈದ್ಯರ ಅನುಮತಿಗೆ ಕಾಯಬೇಕಾಗಿಲ್ಲ. ಆದರೆ ನೀವು ಬರೆದ ಏದುಸಿರಿನ ಬಗ್ಗೆ ನನಗೆ ಒಂದು ಪ್ರಶ್ನೆ ಇದೆ. ಅದು ವರ್ಷಗಳಿಂದ ಹೀಗೇ ಇದೆಯಾ, ಅಥವಾ ಈಚಿನ ಕೆಲವು ವಾರಗಳಲ್ಲಿ ಹೆಚ್ಚಿದೆಯಾ? ಹಿಂದಿನಿಂದ ಇದ್ದರೆ ಅದು ಬಹುತೇಕ ಅಭ್ಯಾಸ ತಪ್ಪಿದ ಮೈಯ ಏದುಸಿರು. ಈಚೆಗೆ ಹೆಚ್ಚಾಗಿದ್ದರೆ, ಹತ್ತುವಾಗ ಎದೆ ಬಿಗಿದಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ತಲೆ ಸುತ್ತಿ ಬೀಳುವಂತಾದರೆ, ಸುಮ್ಮನೆ ಕೂತಿದ್ದಾಗಲೂ ಉಸಿರು ಸಾಲದೆ ಹೋದರೆ, ಕಾಲು ಊದುತ್ತಿದ್ದರೆ, ಮೊದಲು ವೈದ್ಯರ ಹತ್ತಿರ ಹೋಗಿ. ನಡಿಗೆ ಆಮೇಲೆ. ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆದವರು ಮನೆಯಲ್ಲಿ ಇದ್ದರೆ ಅದನ್ನೂ ಹೇಳಿ. ಇದನ್ನು ಓದುತ್ತಿರುವ ಬೇರೆ ಯಾರಾದರೂ ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವ್ಯಾಯಾಮದಿಂದ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ಡೋಸ್ ಬಗ್ಗೆ ಮೊದಲೇ ಮಾತಾಡಿಕೊಳ್ಳಬೇಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಊಟ ಮೊದಲೋ ವ್ಯಾಯಾಮ ಮೊದಲೋ. ನಡಿಗೆ ಮೊದಲು. ಊಟದಲ್ಲಿ ಒಂದೇ ಒಂದು ಬದಲಾವಣೆ ಈಗಲೇ ಮಾಡಿ: ಕುಡಿಯುವ ಸಕ್ಕರೆ ಬಿಡಿ. ತಂಪು ಪಾನೀಯ, ಸಿಹಿ ಹಾಕಿದ ಹಣ್ಣಿನ ರಸ, ಎರಡು ಮೂರು ಚಮಚ ಸಕ್ಕರೆಯ ಬಿಸಿ ಪಾನೀಯ, ಎಲ್ಲವೂ ಇದರಲ್ಲಿ ಸೇರಿತು. ಉಳಿದ ಬದಲಾವಣೆ ಮೂರನೇ ವಾರದಿಂದ. ಎರಡನ್ನೂ ಒಟ್ಟಿಗೆ, ಪೂರ್ತಿಯಾಗಿ ಬದಲಿಸಲು ಹೋದವರು ಎರಡನ್ನೂ ಒಟ್ಟಿಗೇ ಬಿಡುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಮೊದಲ ವಾರ ದಿನಕ್ಕೆ 10 ನಿಮಿಷ ನಡೆಯಿರಿ. ಅಷ್ಟೇ. ಸಮತಟ್ಟಾದ ಜಾಗದಲ್ಲಿ, ದಿನದ ದೊಡ್ಡ ಊಟ ಆದಮೇಲೆ ನಡೆದರೆ ಒಳ್ಳೆಯದು. ಊಟದ ನಂತರವೇ ಯಾಕೆ ಅಂದರೆ, ಆಗ ರಕ್ತದಲ್ಲಿ ಸಕ್ಕರೆ ಏರುತ್ತಿರುತ್ತದೆ. ಸಾಮಾನ್ಯವಾಗಿ ಸ್ನಾಯುವಿನ ಒಳಗೆ ಸಕ್ಕರೆ ಹೋಗಲು ಇನ್ಸುಲಿನ್ ಬೇಕು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ನಿಮ್ಮ ಎಚ್‌ಬಿಎ1ಸಿ 6.1, ಅಂದರೆ 5.7ರಿಂದ 6.4ರ ನಡುವಿನ ಸಕ್ಕರೆ ಕಾಯಿಲೆಯ ಹಿಂದಿನ ಹಂತ. ಈ ಹಂತದಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತು ಸ್ನಾಯುಗಳಿಗೆ ಸರಿಯಾಗಿ ಕೇಳುತ್ತಿರುವುದಿಲ್ಲ. ಊಟದ ನಂತರದ 10 ನಿಮಿಷದ ನಡಿಗೆ ಆ ತೊಡಕನ್ನು ತಪ್ಪಿಸಿಕೊಂಡು ಹೋಗುವ ದಾರಿ. ವ್ಯಾಯಾಮದಿಂದ ಸ್ನಾಯು ಇನ್ಸುಲಿನ್‌ಗೆ ಚುರುಕಾಗುವ ಗುಣ ಒಂದೆರಡು ದಿನ ಉಳಿಯುತ್ತದೆ, ಆಮೇಲೆ ಇಳಿಯುತ್ತದೆ. ಅದಕ್ಕೇ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ.

ಎರಡನೇ ವಾರ 10 ನಿಮಿಷದ ನಡಿಗೆ ದಿನಕ್ಕೆ ಎರಡು ಸಲ. ಮೂರನೇ ವಾರದಿಂದ ಒಂದನ್ನು 12 ನಿಮಿಷಕ್ಕೆ, ಆಮೇಲೆ 15ಕ್ಕೆ ಏರಿಸಿ. ಹೀಗೆ ಎರಡೂವರೆ ಮೂರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಮುಟ್ಟಿದರೆ ಸಾಕು. ಅದು ವಾರಕ್ಕೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ. ಕನಿಷ್ಠ 10 ನಿಮಿಷ ಒಂದೇ ಸಮನೆ ಮಾಡಿದರೆ ಮಾತ್ರ ಲೆಕ್ಕ ಅಂತ ಮೊದಲು ಹೇಳುತ್ತಿದ್ದರು. 2020ರ ಮಾರ್ಗಸೂಚಿಯಲ್ಲಿ ಆ ಷರತ್ತನ್ನೇ ತೆಗೆದುಹಾಕಿದರು. ಮೂರು ನಿಮಿಷ ನಡೆದರೂ ಲೆಕ್ಕಕ್ಕೆ ಬರುತ್ತದೆ.

ವೇಗ ಎಷ್ಟಿರಬೇಕು? ವಾಚ್ ಬೇಡ, ನಿಮ್ಮ ಮಾತೇ ಅಳತೆ. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅದೇ ಸಾಧಾರಣ ವೇಗ. ಹಾಡಲೂ ಆಗುತ್ತಿದ್ದರೆ ಸ್ವಲ್ಪ ಬಿರುಸಾಗಿ ನಡೆಯಿರಿ. ಎರಡು ಪದಕ್ಕೊಮ್ಮೆ ಉಸಿರು ಎಳೆಯುವಂತಾದರೆ ನಿಧಾನ ಮಾಡಿ. ಫಿಟ್ ಆಗುತ್ತಾ ಹೋದಂತೆ ಅದೇ ಮಾತಿನ ಮಟ್ಟಕ್ಕೆ ನೀವು ಇನ್ನೂ ಬೇಗ ನಡೆಯುತ್ತಿರುತ್ತೀರಿ. ಸಮಯ, ವೇಗ, ಏರು, ಈ ಮೂರರಲ್ಲಿ ಒಂದು ವಾರದಲ್ಲಿ ಒಂದನ್ನೇ ಹೆಚ್ಚಿಸಿ. ಎರಡನ್ನು ಒಟ್ಟಿಗೆ ಹೆಚ್ಚಿಸಿದಾಗಲೇ ಮೊಣಕಾಲು, ಹಿಮ್ಮಡಿ ಕೈಕೊಡುವುದು.

10,000 ಹೆಜ್ಜೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ. ಸಂಶೋಧನೆ ಮಾಡಿ ಗೊತ್ತುಮಾಡಿದ ಗಡಿ ಅದಲ್ಲ. 2019ರಲ್ಲಿ ವಯಸ್ಸಾದ ಮಹಿಳೆಯರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. 7,500 ದಾಟಿದ ಮೇಲೆ ಲಾಭ ಹೆಚ್ಚೇನೂ ಏರಲಿಲ್ಲ. ಏನೂ ಮಾಡದವರು ಸ್ವಲ್ಪ ಮಾಡಲು ಶುರು ಮಾಡಿದಾಗಲೇ ಲಾಭ ಜಾಸ್ತಿ. ನೀವು ಈಗ ನಿಂತಿರುವುದು ಆ ಜಾಗದಲ್ಲೇ. ಇದನ್ನು ನೀವು ಮನಸಾರೆ ನಂಬಬೇಕು ಅಂತ ನನ್ನ ಆಸೆ. ಯಾಕೆಂದರೆ ‘10 ನಿಮಿಷದಿಂದ ಏನಾಗುತ್ತೆ’ ಅನ್ನುವ ಮಾತೇ ಬಹಳ ಜನರನ್ನು ಮತ್ತೆ ಕುರ್ಚಿಗೆ ಕೂರಿಸುತ್ತದೆ.

ಕುರ್ಚಿಯ ವಿಷಯ ಬಂತಲ್ಲ, ಒಂದು ಹಳೆಯ ಕಥೆ ಹೇಳುತ್ತೇನೆ. 1953ರಲ್ಲಿ ಜೆರಿ ಮಾರಿಸ್ ಅನ್ನುವ ವೈದ್ಯ ವಿಜ್ಞಾನಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ದಿನವಿಡೀ ಕೂತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಆಮೇಲೆ ಅವರೇ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು. ಚಾಲಕರ ಸೊಂಟ ಮೊದಲಿನಿಂದಲೂ ದಪ್ಪ ಇತ್ತು ಅಂತ ಗೊತ್ತಾಯಿತು. ಅಂದರೆ ವ್ಯತ್ಯಾಸಕ್ಕೆ ಕೂರುವುದೊಂದೇ ಕಾರಣ ಅಲ್ಲ. ತಾವೇ ಹೇಳಿದ್ದನ್ನು ತಾವೇ ಹೀಗೆ ತಿರುಗಿ ಪರೀಕ್ಷಿಸಿದ್ದು ನನಗೆ ತುಂಬಾ ಇಷ್ಟ. ಅಂದಿನಿಂದ ಬಂದ ಅಧ್ಯಯನಗಳೆಲ್ಲ ಕೂಡಿ ಹೇಳುವುದು ಇಷ್ಟು: ಓಡಾಡುವವರ ಹೃದಯಕ್ಕೆ ಅಪಾಯ ಕಡಿಮೆ. ನೀವು ಕೆಲಸ ಬಿಡಲು ಆಗುವುದಿಲ್ಲ, ಆದರೆ ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಒಮ್ಮೆ ಎದ್ದು ಎರಡು ನಿಮಿಷ ಓಡಾಡಬಹುದು. ಫೋನಿನಲ್ಲಿ ಮಾತಾಡುವಾಗ ನಿಂತೇ ಮಾತಾಡಬಹುದು. ಬೆಳಗ್ಗಿನ ನಡಿಗೆ ಆಯಿತು ಅಂತ ಉಳಿದ ಹತ್ತು ಗಂಟೆ ಅಲುಗಾಡದೆ ಕೂರಬೇಡಿ.

ಮೂರನೇ ವಾರದಿಂದ ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಸೇರಿಸಿ. ನಿಮ್ಮ ಮೊಣಕಾಲಿಗೆ ನಿಜವಾದ ಔಷಧ ಇರುವುದು ಇಲ್ಲೇ. ತೊಡೆಯ ಮುಂಭಾಗ ಮತ್ತು ಪೃಷ್ಠದ ಸ್ನಾಯು ಗಟ್ಟಿ ಇದ್ದರೆ ನಡೆಯುವಾಗ, ಮೆಟ್ಟಿಲು ಇಳಿಯುವಾಗ ಬೀಳುವ ಹೊಡೆತವನ್ನು ಅವು ತಾಳಿಕೊಳ್ಳುತ್ತವೆ. ಅವು ಸೊರಗಿದ್ದರೆ ಆ ಹೊಡೆತವೆಲ್ಲ ಕೀಲಿಗೆ. ಜಿಮ್ ಈಗ ಬೇಡ. ಒಂದು ಗಟ್ಟಿ ಕುರ್ಚಿ, ಒಂದು ಗೋಡೆ ಇದ್ದರೆ ಆಯಿತು. ಕುರ್ಚಿಯಿಂದ ಕೈ ಊರದೆ ಏಳಿ, ಮೂರು ಎಣಿಸುವಷ್ಟು ನಿಧಾನವಾಗಿ ಕೂತುಕೊಳ್ಳಿ. ಎಂಟು ಸಲ. ಮೊಣಕಾಲಿಗೆ ಕಷ್ಟವಾದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಗೋಡೆಗೆ ಎರಡೂ ಕೈ ಊರಿ, ಮೈ ನೆಟ್ಟಗಿಟ್ಟು, ಎದೆಯನ್ನು ಗೋಡೆಯ ಹತ್ತಿರ ತಂದು ಮತ್ತೆ ಹಿಂದಕ್ಕೆ ತಳ್ಳಿ. ಅದೂ ಎಂಟು ಸಲ. ಕುರ್ಚಿ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸಿ. ನೆಲದ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟ ಎತ್ತಿ, ಸ್ವಲ್ಪ ಹಿಡಿದು ಇಳಿಸಿ. ಭಾರದ ಚೀಲವೊಂದನ್ನು ಒಂದು ಕೈಯಲ್ಲಿ ಹಿಡಿದು, ಬೆನ್ನು ಬಾಗದಂತೆ ನಾಲ್ಕು ಹೆಜ್ಜೆ ಅತ್ತಿತ್ತ ನಡೆಯಿರಿ. ಎಲ್ಲವನ್ನೂ ಒಂದು ಸುತ್ತು ಮಾಡಿದರೆ ಹತ್ತು ಹನ್ನೆರಡು ನಿಮಿಷ. ಎರಡು ವಾರದ ನಂತರ ಎರಡು ಸುತ್ತು. ಎಂಟು ಸಲ ಸಲೀಸಾದರೆ ಹತ್ತು, ಹನ್ನೆರಡು ಮಾಡಿ, ಆಮೇಲೆ ಕುರ್ಚಿಯ ಎತ್ತರ ಇಳಿಸಿ ಅಥವಾ ಕೈಯಲ್ಲಿ ಭಾರ ಹಿಡಿಯಿರಿ.

ಒಂದು ಎಚ್ಚರ. ಎತ್ತುವಾಗ, ತಳ್ಳುವಾಗ ಉಸಿರು ಬಿಗಿ ಹಿಡಿಯಬೇಡಿ. ಬಿಗಿ ಹಿಡಿದರೆ ಆ ಕ್ಷಣದಲ್ಲಿ ಬಿಪಿ ಜೋರಾಗಿ ಏರುತ್ತದೆ. ಶ್ರಮ ಹಾಕುವಾಗ ಉಸಿರು ಬಿಡಿ, ಹಿಂದಕ್ಕೆ ಬರುವಾಗ ಎಳೆದುಕೊಳ್ಳಿ.

ನೋವು ಬಂದರೆ ಯಾವುದು ಸರಿ, ಯಾವುದು ತಪ್ಪು ಅಂತ ಗೊತ್ತಿರಲಿ. ವ್ಯಾಯಾಮದ ಮಾರನೇ ದಿನ ಶುರುವಾಗಿ ಎರಡು ಮೂರು ದಿನ ಇರುವ ಮೈಕೈ ನೋವು, ಎರಡೂ ಕಡೆ, ಸ್ನಾಯುವಿನ ತುಂಬಾ ಹರಡಿರುವಂಥದ್ದು, ಸಹಜ. ಅಭ್ಯಾಸ ಆದಂತೆ ಕಡಿಮೆಯಾಗುತ್ತದೆ. ಕೀಲಿನಲ್ಲಿ ಒಂದೇ ಜಾಗದಲ್ಲಿ ಚುಚ್ಚುವ ನೋವು, ಊತ, ಮೊಣಕಾಲು ಸಿಕ್ಕಿಹಾಕಿಕೊಂಡಂತೆ ಆಗುವುದು, ಇವು ಸಹಜ ಅಲ್ಲ. ಮೊಣಕಾಲಿಗೆ ನಾನು ಹೇಳುವ ಲೆಕ್ಕ ಹೀಗಿದೆ: ಹತ್ತರಲ್ಲಿ ಮೂರರಷ್ಟು ನೋವು ಇದ್ದರೂ ಮುಂದುವರಿಸಬಹುದು, ಆದರೆ ಮಾರನೇ ಬೆಳಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆ ಮಾಡಿದ್ದು ಜಾಸ್ತಿ ಆಯಿತು ಅಂತ ಅರ್ಥ. ಪೂರ್ತಿ ನಿಲ್ಲಿಸಬೇಡಿ, ಅರ್ಧಕ್ಕೆ ಇಳಿಸಿ. ಪೂರ್ತಿ ವಿಶ್ರಾಂತಿಯಿಂದ ಸ್ನಾಯು ಇನ್ನಷ್ಟು ಸೊರಗುತ್ತದೆ, ಮೊಣಕಾಲಿಗೆ ಅದರಿಂದ ಒಳ್ಳೆಯದಾಗುವುದಿಲ್ಲ. ಅತಿ ಶ್ರಮದ ನಂತರ ಸ್ನಾಯು ಊದಿಕೊಂಡು ವಿಪರೀತ ನೋವು ಬಂದು, ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾನು ಹೇಳಿದ ಮಟ್ಟದಲ್ಲಿ ಮಾಡಿದರೆ ಅದು ಬರುವ ಸಂಭವ ತೀರಾ ಕಡಿಮೆ.

ಈಗ ಊಟ. ಇಲ್ಲಿ ಮೊದಲು ಒಂದು ಸತ್ಯ ಒಪ್ಪಿಕೊಳ್ಳಬೇಕು. ನಡಿಗೆಯೊಂದರಿಂದ ತೂಕ ಹೆಚ್ಚು ಇಳಿಯುವುದಿಲ್ಲ. ನಿಮ್ಮ ತೂಕದವರು ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಸುಮಾರು 150 ಕ್ಯಾಲರಿ ಖರ್ಚು. 330 ಮಿಲಿಲೀಟರ್‌ನ ಒಂದು ಕ್ಯಾನ್ ಸಿಹಿ ತಂಪು ಪಾನೀಯದಲ್ಲಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ನಡಿಗೆಯಿಂದ ಬಿಪಿ, ಸಕ್ಕರೆ, ನಿದ್ದೆ, ಮನಸ್ಸು, ಹೃದಯ ಎಲ್ಲಕ್ಕೂ ಲಾಭ ಇದೆ, ತೂಕ ಒಂದು ಗ್ರಾಂ ಇಳಿಯದಿದ್ದರೂ ಇದೆ. ತೂಕದ ಕೆಲಸ ಮಾತ್ರ ಮುಖ್ಯವಾಗಿ ತಟ್ಟೆಯದು.

ರಾತ್ರಿ ಊಟ ಬಿಡುವ ದಾರಿ ನಿಮಗೆ ಬೇಡ. ಹೊಟ್ಟೆಗೆ ತೀರಾ ಕಡಿಮೆ ಹಾಕಿ ತೂಕ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸಕ್ಕರೆ ಎಳೆದುಕೊಳ್ಳುವುದೇ ಸ್ನಾಯು ಅಂತ ಮೇಲೆ ಹೇಳಿದೆನಲ್ಲ, ಅದನ್ನೇ ಕಳೆದುಕೊಂಡರೆ ಹೇಗೆ? ಜೊತೆಗೆ ತಡೆದ ಹಸಿವು ಎಲ್ಲೋ ಒಂದು ಕಡೆ ಹೊರಗೆ ಬಂದೇ ಬರುತ್ತದೆ, ಬಹುತೇಕ ರಾತ್ರಿ ಹತ್ತರ ಮೇಲೆ, ಪ್ಯಾಕೆಟ್ ತಿಂಡಿಯ ರೂಪದಲ್ಲಿ.

ಪ್ಯಾಕೆಟ್ ತಿಂಡಿಯ ಬಗ್ಗೆ ಗಟ್ಟಿ ಸಾಕ್ಷಿ ಇದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನರನ್ನು ಒಳಗೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಅತಿ ಸಂಸ್ಕರಿತ ಆಹಾರ, ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ಟರು. ಎರಡರಲ್ಲೂ ಬಡಿಸಿದ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಒಂದೇ ಪ್ರಮಾಣ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಅತಿ ಸಂಸ್ಕರಿತ ಆಹಾರ ಇದ್ದಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು. ಎರಡು ವಾರದಲ್ಲಿ 0.9 ಕೆಜಿ ಏರಿದರು. ಇನ್ನೊಂದು ಊಟದಲ್ಲಿ ಅಷ್ಟೇ ಇಳಿದರು. ಯಾರಿಗೂ ‘ಕಡಿಮೆ ತಿನ್ನಿ’ ಅಂತ ಹೇಳಿರಲಿಲ್ಲ. ಹಾಗಾಗಿ ಕ್ಯಾಲರಿ ಎಣಿಸುವ ಮೊದಲು, ಪ್ಯಾಕೆಟ್ಟಿನಿಂದ ನೇರ ಬಾಯಿಗೆ ಹೋಗುವುದನ್ನು ಕಡಿಮೆ ಮಾಡಿ. ಮನೆಗೆ ತರದಿದ್ದರೆ ಅರ್ಧ ಗೆದ್ದಂತೆ. ಎದುರಿಗೆ ಇಟ್ಟುಕೊಂಡು ತಡೆದುಕೊಳ್ಳುವುದು ಯಾರಿಗೂ ಸುಲಭ ಅಲ್ಲ.

ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ ಇರಲಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ, ಮೀನು, ಮೊಸರು ಇಂಥ ಪ್ರೋಟೀನ್ ಇರುವ ಪದಾರ್ಥ. ಉಳಿದ ಕಾಲು ಭಾಗ ಧಾನ್ಯ, ಆದಷ್ಟು ಹೊಟ್ಟು ತೆಗೆಯದ್ದು. ಹೀಗೆ ಮಾಡಿದರೆ ತಟ್ಟೆ ತುಂಬಿಯೇ ಇರುತ್ತದೆ, ಹೊಟ್ಟೆಯೂ ತುಂಬುತ್ತದೆ, ಕ್ಯಾಲರಿ ತಾನಾಗಿ ಇಳಿಯುತ್ತದೆ. ಬಲದ ವ್ಯಾಯಾಮ ಮಾಡುತ್ತಾ ತೂಕ ಇಳಿಸುವವರಿಗೆ ಒಂದು ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ದಿನಕ್ಕೆ ಬೇಕು. ಎಲ್ಲವನ್ನೂ ಒಂದೇ ಹೊತ್ತಿಗೆ ತಿನ್ನದೆ ಮೂರೂ ಊಟಕ್ಕೆ ಹಂಚಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು. ನಾರಿನಂಶವನ್ನು ಒಮ್ಮೆಗೇ ಏರಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ವಾರ ವಾರ ಸ್ವಲ್ಪ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ.

ನಿಮ್ಮ ಬಿಪಿಗೆ ಉಪ್ಪು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟೂ ಇಲ್ಲ. ಅಡುಗೆಯಲ್ಲಿ ನಿಧಾನವಾಗಿ ಇಳಿಸುತ್ತಾ ಬಂದರೆ ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಮದ್ಯ ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಇಳಿಸಿದರೂ ಬಿಪಿ ಇಳಿಯುತ್ತದೆ. ನಿದ್ದೆ ಏಳು ಗಂಟೆ ಇರಲಿ. ನಿದ್ದೆಗೆಟ್ಟ ಮರುದಿನ ಹಸಿವು ಜಾಸ್ತಿ, ನಡೆಯುವ ಮನಸ್ಸು ಕಡಿಮೆ. ಇದನ್ನು ನೀವೇ ಗಮನಿಸಿರುತ್ತೀರಿ, ಅಲ್ವಾ?

ಎಷ್ಟು ತೂಕ ಇಳಿಸಬೇಕು ಅಂತ ನೀವು ಕೇಳಲಿಲ್ಲ. ಮನಸ್ಸಿನಲ್ಲಿ ಯಾವುದೋ ದೊಡ್ಡ ಸಂಖ್ಯೆ ಇರಬಹುದು. ನಿಮ್ಮಂಥದೇ ಸ್ಥಿತಿಯಲ್ಲಿದ್ದ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ತೂಕದಲ್ಲಿ ಶೇ. 7 ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ. ಸುಮಾರು ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬಂದ ಪ್ರಮಾಣ, ಹುಸಿ ಮಾತ್ರೆ ತೆಗೆದುಕೊಂಡ ಗುಂಪಿಗಿಂತ ಶೇ. 58ರಷ್ಟು ಕಡಿಮೆ ಇತ್ತು. ಸಕ್ಕರೆ ತಗ್ಗಿಸುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಶೇ. 31ರಷ್ಟು ಕಡಿಮೆ. ನಿಮ್ಮ 88 ಕೆಜಿಗೆ ಶೇ. 7 ಅಂದರೆ ಸುಮಾರು 6 ಕೆಜಿ. ಆರು ತಿಂಗಳಿಗೆ ಆರು ಕೆಜಿ, ಇಷ್ಟೇ ಗುರಿ ಸಾಕು.

ಮೊದಲ ಎರಡು ಮೂರು ವಾರ ತೂಕ ಇಳಿಯದೆ, ಒಂದಿಷ್ಟು ಏರಿದರೂ ಗಾಬರಿಯಾಗಬೇಡಿ. ದುಡಿಯಲು ಶುರು ಮಾಡಿದ ಸ್ನಾಯು ಒಳಗೆ ಸಕ್ಕರೆ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ದಿನ ದಿನಕ್ಕೆ ಒಂದೆರಡು ಕೆಜಿ ಹೆಚ್ಚು ಕಡಿಮೆ ಆಗುವುದು ನೀರಿನಿಂದಲೇ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಿ. ಜೊತೆಗೆ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ತಿಂಗಳಿಗೊಮ್ಮೆ ಬರೆದಿಡಿ. ಕೆಲವರಲ್ಲಿ ತೂಕ ನಿಂತಲ್ಲೇ ನಿಂತು ಸೊಂಟ ಇಳಿಯುತ್ತದೆ. ಅದು ಒಳ್ಳೆಯ ಸುದ್ದಿ.

ಅಭ್ಯಾಸ ಕೂರಲು ಎಷ್ಟು ದಿನ? 21 ದಿನ ಅಂತ ಎಲ್ಲರೂ ಹೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದಾಗ ಬಂದ ಮಧ್ಯದ ಸಂಖ್ಯೆ 66 ದಿನ. ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254ರವರೆಗೆ ಬೇಕಾಗುತ್ತದೆ ಅಂತ ಲೆಕ್ಕ ಸಿಕ್ಕಿತು. ನನಗೆ ಮುಖ್ಯ ಅನ್ನಿಸಿದ್ದು ಅದರಲ್ಲೇ ಬಂದ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಏನೂ ಧಕ್ಕೆ ಆಗಲಿಲ್ಲ. ತಪ್ಪಿದ ದಿನಕ್ಕೆ ಪರಿಹಾರ ಅಂತ ಮಾರನೇ ದಿನ ದುಪ್ಪಟ್ಟು ಮಾಡಬೇಡಿ. ಹಾಗೆಯೇ ಮುಂದುವರಿಸಿ. ‘ಬಿಡುವಾದಾಗ ನಡೆಯುತ್ತೇನೆ’ ಅನ್ನಬೇಡಿ, ‘ಊಟ ಮುಗಿಸಿ ಕೈ ತೊಳೆದ ಕೂಡಲೇ ಚಪ್ಪಲಿ ಹಾಕುತ್ತೇನೆ’ ಅನ್ನಿ. ಈಗಾಗಲೇ ಇರುವ ಅಭ್ಯಾಸಕ್ಕೆ ಹೊಸದನ್ನು ಕಟ್ಟಿದರೆ ನೆನಪಿಡುವ ಶ್ರಮ ಉಳಿಯುತ್ತದೆ. ಮನಸ್ಸೇ ಇಲ್ಲದ ದಿನ ಐದು ನಿಮಿಷ ನಡೆದು ವಾಪಸ್ ಬನ್ನಿ.

ಜ್ವರ ಬಂದಾಗ ವ್ಯಾಯಾಮ ಬೇಡ. ಕಾಯಿಲೆ, ಪ್ರಯಾಣ, ಕೆಲಸದ ಒತ್ತಡ, ಯಾವುದರಿಂದಲೋ ಎರಡು ವಾರ ಪೂರ್ತಿ ನಿಂತುಹೋದರೆ, ಬಿಟ್ಟ ಜಾಗದಿಂದ ಶುರು ಮಾಡಬೇಡಿ. ಅರ್ಧಕ್ಕೆ ಇಳಿಸಿ ಶುರು ಮಾಡಿ. ಎರಡನೇ ಸಲ ಬೇಗ ಏರುತ್ತೀರಿ.

ಫಲ ಯಾವಾಗ ಅಂದರೆ, ಬೇರೆ ಬೇರೆ ಫಲ ಬೇರೆ ಬೇರೆ ಹೊತ್ತಿಗೆ. ನಿದ್ದೆ ಮತ್ತು ಮನಸ್ಸಿನ ಹಗುರ ಮೊದಲ ಎರಡು ವಾರದಲ್ಲೇ ಗೊತ್ತಾಗಬಹುದು. ಆ ಎರಡು ಮಹಡಿ ಮೆಟ್ಟಿಲು ನಾಲ್ಕರಿಂದ ಆರು ವಾರದಲ್ಲಿ ಸಲೀಸಾಗುತ್ತದೆ. ಬಿಪಿ ಇಳಿಯಲು ಎರಡು ಮೂರು ತಿಂಗಳು. ಬಿಪಿ ಜಾಸ್ತಿ ಇರುವವರಲ್ಲಿ ನಿಯಮಿತ ನಡಿಗೆಯಂಥ ವ್ಯಾಯಾಮದಿಂದ ಮೇಲಿನ ಸಂಖ್ಯೆ 5ರಿಂದ 8ರಷ್ಟು ಇಳಿಯುತ್ತದೆ, ಉಪ್ಪು ಕಡಿಮೆ ಮಾಡಿದರೆ ಇನ್ನಷ್ಟು. ಮನೆಯಲ್ಲೇ ಅಳೆಯುವುದಾದರೆ ಐದು ನಿಮಿಷ ಸುಮ್ನೆ ಕೂತಿದ್ದು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಹೃದಯದ ಮಟ್ಟಕ್ಕೆ ಇಟ್ಟು ಅಳೆಯಿರಿ.

ಎಚ್‌ಬಿಎ1ಸಿ ಪರೀಕ್ಷೆಯನ್ನು ಮಾತ್ರ ಮೂರು ತಿಂಗಳ ಮೊದಲು ಮಾಡಿಸಬೇಡಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆಯನ್ನೇ ಈ ಪರೀಕ್ಷೆ ಅಳೆಯುವುದು. ಹಳೆಯ ಕಣಗಳು ಹೋಗಿ ಹೊಸವು ಬರುವವರೆಗೆ ನಿಮ್ಮ ಶ್ರಮ ಆ ಸಂಖ್ಯೆಯಲ್ಲಿ ಪೂರ್ತಿ ಕಾಣುವುದಿಲ್ಲ. ಮೂರು ತಿಂಗಳಿಗೆ ಬಿಪಿ, ಸಕ್ಕರೆ ಎರಡನ್ನೂ ಮಾಡಿಸಿ, ಹಳೆಯ ವರದಿಯ ಜೊತೆ ವೈದ್ಯರಿಗೆ ತೋರಿಸಿ. ಬಿಪಿ ಆಗಲೂ ಇಳಿಯದೆ 140/90 ದಾಟಿ ಹೋಗುತ್ತಿದ್ದರೆ ಮಾತ್ರೆ ಬೇಕಾಗಬಹುದು. ಅವರು ಬರೆದುಕೊಟ್ಟರೆ ತೆಗೆದುಕೊಳ್ಳಿ. ಕೆಲವರಿಗೆ ವಂಶದಿಂದ ಬಂದದ್ದು ನಡಿಗೆಗೆ ಪೂರ್ತಿ ಬಗ್ಗುವುದಿಲ್ಲ, ಅದಕ್ಕೆ ನಿಮ್ಮನ್ನು ನೀವು ದೂರಿಕೊಳ್ಳಬೇಕಾಗಿಲ್ಲ. ಮಾತ್ರೆ ಶುರುವಾದರೂ ನಡಿಗೆ, ಕುರ್ಚಿಯ ವ್ಯಾಯಾಮ ಎರಡೂ ಹೀಗೇ ನಡೆಯಲಿ.